ತಮ್ಮ ಜೈಲಿನಿಂದ ಬಂದು ನಲವತ್ತು ದಿನ ಆಯ್ತು, ಮನೆ ಬಿಟ್ಟು ಹೊರಗೆ ಬರ್ತಿಲ್ಲ

ತೊಗರಿ ಹೊಲ · ಭಾನುವಾರ ರಾತ್ರಿ 10:40

ನಮಸ್ಕಾರ. ನಾನು ಇಲ್ಲಿ ಬರೆಯೋದು ಕಡಿಮೆ, ಓದೋದೇ ಜಾಸ್ತಿ. ಇವತ್ತು ಯಾರನ್ನು ಕೇಳಬೇಕೋ ತಿಳಿಯದೆ ಬರೆಯುತ್ತಿದ್ದೇನೆ.

ನಮ್ಮದು ಕಲಬುರಗಿ. ತಮ್ಮನಿಗೆ 26 ವರ್ಷ. ಒಂದು ಜಗಳದ ಕೇಸಿನಲ್ಲಿ ಸಿಕ್ಕಿಕೊಂಡು 14 ತಿಂಗಳು ಒಳಗಿದ್ದ. ಶಿಕ್ಷೆ ಆಗಿಲ್ಲ, ಕೇಸು ಇನ್ನೂ ನಡೆಯುತ್ತಿದೆ. ಬೇಲ್ ಸಿಕ್ಕು ಮನೆಗೆ ಬಂದು ಇವತ್ತಿಗೆ ನಲವತ್ತು ದಿನ. ಮೊದಲು ಗೂಡ್ಸ್ ಆಟೋ ಓಡಿಸುತ್ತಿದ್ದ. ಗಂಜಿನಿಂದ (ಧಾನ್ಯದ ಮಾರುಕಟ್ಟೆ) ಕಪನೂರಿಗೆ, ಶಹಾಬಾದಿಗೆ ಲೋಡು ಹಾಕಿಕೊಂಡು ಹೋಗುವವನು. ದಿನಕ್ಕೆ ಹತ್ತು ಜನರ ಜೊತೆ ಜಗಳ ಆಡಿ, ಅದೇ ಹತ್ತು ಜನರ ಜೊತೆ ಚಾ ಕುಡಿಯುವ ಹುಡುಗ. ಈಗ ಮಧ್ಯಾಹ್ನದ ತನಕ ಗೋಡೆ ಕಡೆ ಮುಖ ಮಾಡಿ ಮಲಗಿರುತ್ತಾನೆ.

ಇನ್ನೊಂದು ಮಾತು, ನಗಬೇಡಿ. ಸಂಜೆ ಐದಾದರೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಲ್ಲುತ್ತಾನೆ. ಏನೂ ಕೇಳೋದಿಲ್ಲ, ಸುಮ್ನೆ ನಿಲ್ಲುತ್ತಾನೆ. ಅವ್ವ ಮೊದಲು ನಿಶ್ಶಕ್ತಿ ಅಂದುಕೊಂಡಳು. ಈಗ ನಾಲ್ಕೂವರೆಗೇ ರೊಟ್ಟಿ ಬಡಿಯೋಕೆ ಕೂರುತ್ತಾಳೆ. ಐದಕ್ಕೆ ಊಟ, ಆರಕ್ಕೆ ಹಾಸಿಗೆ. ಓಣಿಯವರೆಲ್ಲ ಆಗ ಕಟ್ಟೆ ಮೇಲೆ ಚಾ ಕುಡಿಯುತ್ತಾ ಇರುತ್ತಾರೆ.

ಆಟೋ ಈಗ ಇಲ್ಲ. ಕಂತು ಕಟ್ಟೋಕಾಗದೆ ಫೈನಾನ್ಸಿನವರು ಎಳೆದುಕೊಂಡು ಹೋದರು. ಲೈಸೆನ್ಸ್ ಅವನು ಒಳಗಿದ್ದಾಗಲೇ ಮುಗಿದಿದೆ. ಹಳೆ ಮೊಬೈಲ್ ನಂಬರ್ ಈಗ ಬೇರೆ ಯಾರದೋ ಆಗಿದೆ, ಫೋನ್ ಮಾಡಿದರೆ ಸೇಡಂ ಕಡೆಯ ಒಬ್ಬ ಹೆಣ್ಣುಮಗಳು ಎತ್ತುತ್ತಾಳೆ. ಬ್ಯಾಂಕಿನ ಓಟಿಪಿ ಎಲ್ಲ ಅವಳಿಗೇ ಹೋಗುತ್ತಿದೆ.

ಅಪ್ಪ ಹೇಳುತ್ತಾರೆ, ಪುಣೆಗೆ ಕಳಿಸೋಣ, ಅಲ್ಲಿ ಯಾರಿಗೂ ಗೊತ್ತಾಗೋದಿಲ್ಲ ಅಂತ. ನನಗೆ ಧೈರ್ಯ ಇಲ್ಲ. ಎಲ್ಲಿಂದ ಶುರು ಮಾಡಬೇಕು? ಕೆಲಸ ಕೇಳುವಾಗ ಜೈಲಿನ ವಿಷಯ ಹೇಳಬೇಕಾ, ಮುಚ್ಚಿಡಬೇಕಾ?


ಮಿರ್ಚಿ ಭಜಿ · ಭಾನುವಾರ ರಾತ್ರಿ 10:58

ಅಕ್ಕಾ, ಪುಣೆ ಟಿಕೆಟ್ ಮಾಡುವ ಮೊದಲು ಬೇಲ್ ಆರ್ಡರ್ ಓದಿ. ನಮ್ಮ ಓಣಿಯ ಒಬ್ಬ ಹೀಗೇ ಹೋದ. ಎರಡು ತಾರೀಖು ತಪ್ಪಿತು, ವಾರಂಟ್ ಬಂತು, ವಾಪಸ್ ಒಳಗೆ. ಪುಣೆಯಲ್ಲಿ ಇದ್ದದ್ದು ಎರಡು ತಿಂಗಳು, ಮತ್ತೆ ಒಳಗೆ ಇದ್ದದ್ದು ನಾಲ್ಕು.


ಕರಿಕೋಟು · ಭಾನುವಾರ ರಾತ್ರಿ 11:30

ಮೇಲಿನವರು ಹೇಳಿದ್ದು ಸರಿ. ನಾನು ಕಲಬುರಗಿಯಲ್ಲೇ ವಕೀಲಿ ಮಾಡುತ್ತೇನೆ, ಇನ್ನೂ ಜೂನಿಯರ್. ಮೊದಲ ಮಾತು, ಕೇಸಿನ ವಿವರ, ಎದುರು ಪಾರ್ಟಿ ಹೆಸರು ಏನನ್ನೂ ಇಲ್ಲಿ ಬರೆಯಬೇಡಿ.

ಬೇಲ್ ಆರ್ಡರಿನ ಕೊನೆಯಲ್ಲಿ ಷರತ್ತುಗಳು ಇರುತ್ತವೆ. ಕೋರ್ಟಿನ ಅನುಮತಿ ಇಲ್ಲದೆ ವ್ಯಾಪ್ತಿ ಬಿಟ್ಟು ಹೋಗಬಾರದು, ವಾರಕ್ಕೊಮ್ಮೆ ಠಾಣೆಗೆ ಬಂದು ಸಹಿ ಹಾಕಬೇಕು, ಸಾಕ್ಷಿಗಳ ತಂಟೆಗೆ ಹೋಗಬಾರದು, ಹೀಗೆ. ಅದರಲ್ಲಿ ಯಾವುದು ಇದೆ ಅನ್ನೋದರ ಮೇಲೆ ಕೆಲಸ ಹುಡುಕಬೇಕು. ಬೇಲ್ ಮೇಲೆ ಹೊರಗೆ ಬಂದವರು ಸರಿಯಾದ ಕಾರಣ ಇಲ್ಲದೆ ಕೋರ್ಟಿಗೆ ಬರದಿದ್ದರೆ ಅದೇ ಇನ್ನೊಂದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ, ಒಂದು ವರ್ಷದ ತನಕ ಜೈಲು. ನಿಜವಾಗಲೂ ಬರೋಕಾಗದ ದಿನ ವಕೀಲರಿಗೆ ಮೊದಲೇ ಹೇಳಿದರೆ ಅವತ್ತಿನ ಹಾಜರಿಗೆ ವಿನಾಯಿತಿ ಕೇಳಿ ಅರ್ಜಿ ಹಾಕುತ್ತಾರೆ. ಸಂಜೆ ಫೋನ್ ಮಾಡಿ "ಸರ್, ಇವತ್ತು ಇತ್ತಲ್ವಾ?" ಅಂದರೆ ನಾವು ಏನೂ ಮಾಡೋಕಾಗಲ್ಲ. ಇಂಥ ಫೋನ್ ನನಗೆ ವಾರಕ್ಕೆ ಮೂರು ಬರುತ್ತವೆ.

ಫೋನಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಹಾಕಿಕೊಳ್ಳಿ. ಕೇಸಿಗೆ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ. ಅದನ್ನು ಹಾಕಿದರೆ ಮುಂದಿನ ತಾರೀಖು ಕಾಣಿಸುತ್ತದೆ. ವಕೀಲರ ಗುಮಾಸ್ತನ ಹಿಂದೆ ಸುತ್ತೋದು ತಪ್ಪುತ್ತದೆ.

ಲೈಸೆನ್ಸ್ ವಿಷಯ ಬೇಗ ನೋಡಿ. ಮುಗಿದು ಒಂದು ವರ್ಷದ ಒಳಗೆ ಇದ್ದರೆ ನವೀಕರಣ ಆಗುತ್ತದೆ. ವರ್ಷ ದಾಟಿದರೆ ಮತ್ತೆ ಟೆಸ್ಟ್ ಕೊಡಬೇಕು.


ಪಂಕ್ಚರ್ ಕಾಕಾ · ಸೋಮವಾರ ಬೆಳಿಗ್ಗೆ 6:15

ತಂಗಿ, ಐದು ಗಂಟೆ ವಿಷಯಕ್ಕೆ ಹೆದರಬೇಡ. ಅದು ನಿಶ್ಶಕ್ತಿ ಅಲ್ಲ.

ಒಳಗೆ ಸಂಜೆ ಎಣಿಕೆ ಮಾಡಿ ಬ್ಯಾರಕ್ಕಿಗೆ ಬೀಗ ಹಾಕುತ್ತಾರೆ. ಊಟ ಅದಕ್ಕೂ ಮೊದಲೇ ಕೊಡುತ್ತಾರೆ. ಆ ಹೊತ್ತಿಗೆ ತಟ್ಟೆ ಹಿಡಿದು ನಿಲ್ಲದಿದ್ದರೆ ಬೆಳಗಿನ ತನಕ ಹೊಟ್ಟೆಗೆ ಏನೂ ಇಲ್ಲ. 14 ತಿಂಗಳು ಹಾಗೆ ನಿಂತವನ ಕಾಲು ತಾನೇ ಬಂದು ನಿಲ್ಲುತ್ತದೆ. ನನಗೂ ಹಾಗೇ ಆಗುತ್ತಿತ್ತು. ನಾನು ಒಳಗಿದ್ದದ್ದು ಒಂಬತ್ತು ವರ್ಷ. ನಿನ್ನ ತಮ್ಮನ ಹಾಗೆ ವಿಚಾರಣೆಗೆ ಅಲ್ಲ, ಶಿಕ್ಷೆ ಆಗಿಯೇ. ತಪ್ಪು ಮಾಡಿಯೇ ಹೋದವನು ನಾನು, ಅದನ್ನು ಇಲ್ಲಿ ಯಾಕೆ ಮುಚ್ಚಿಡಲಿ.

ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಐದಕ್ಕೆ ಊಟ ಕೊಡಲಿಲ್ಲ. ಒಂದು ಬಟ್ಟಲು ಸುಸಲಾ, ಒಂದು ಕಪ್ ಚಾ ಕೊಡುತ್ತಿದ್ದಳು. ರೊಟ್ಟಿ ಎಂಟಕ್ಕೆ, ಎಲ್ಲರೂ ಕೂತ ಮೇಲೆ. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ಎಂಟರ ತನಕ ಊಟ ಬರುತ್ತೋ ಇಲ್ಲವೋ ಅಂತ ಒಳಗೊಳಗೇ ದಿಗಿಲು. ಮನೆಯಲ್ಲಿ ಜೋಳ ತುಂಬಿದ ಚೀಲ ಕಣ್ಣಿಗೆ ಕಾಣುತ್ತಿದ್ದರೂ ಆ ದಿಗಿಲು ಹೋಗುತ್ತಿರಲಿಲ್ಲ. ಎಂಟು ತಿಂಗಳು ಹಿಡಿಯಿತು.

ಈಗ ನನ್ನದು ಹುಮನಾಬಾದ್ ರೋಡಿನಲ್ಲಿ ಪಂಕ್ಚರ್ ಅಂಗಡಿ. ಹುಡುಗನನ್ನು ಕಳಿಸು. ಕೆಲಸಕ್ಕೆ ಅಂತಲ್ಲ, ಚಾಕ್ಕೆ.


ಜೇವರ್ಗಿ ರೋಡ್ · ಸೋಮವಾರ ಬೆಳಿಗ್ಗೆ 9:05

ಎಲ್ಲರೂ ಬೈದರೂ ಪರವಾಗಿಲ್ಲ, ಒಂದು ಮಾತು ಹೇಳುತ್ತೇನೆ. ನನ್ನ ಕಾಕಾನ ಮಗನಿಗೆ ಇಂಥದ್ದೇ "ಒಂದು ಜಗಳ"ದಲ್ಲಿ ಚಾಕು ಬಿತ್ತು. ಬಲಗೈಯ ಎರಡು ಬೆರಳು ಇವತ್ತಿಗೂ ಬಗ್ಗೋದಿಲ್ಲ. ಅವನು ದರ್ಜಿ. ಹೊಡೆದವನು ಬೇಲ್ ಮೇಲೆ ಬಂದು ಅದೇ ಓಣಿಯಲ್ಲಿ ಬೈಕು ಓಡಿಸುತ್ತಿದ್ದಾನೆ. ಅಂಥವರಿಗೆ ಕೆಲಸ ಹುಡುಕೋಕೆ ಇಲ್ಲಿ ಇಷ್ಟು ಜನ. ನಮ್ಮ ಹುಡುಗನಿಗೆ ಯಾರು ಹುಡುಕಿದರು?


ತೊಗರಿ ಹೊಲ · ಸೋಮವಾರ ಬೆಳಿಗ್ಗೆ 9:40

ಅಣ್ಣಾ, ನಿಮ್ಮ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮ ಕೇಸಿನಲ್ಲೂ ಪೆಟ್ಟು ಬಿದ್ದವರು ಒಬ್ಬರು ಇದ್ದಾರೆ. ಹೊಡೆದದ್ದು ಇವನೇ ಹೌದೋ ಅಲ್ಲವೋ ಕೋರ್ಟು ಹೇಳಲಿ. ಆದರೆ ಅವರ ಅವ್ವನನ್ನು ನಾನು ಸೂಪರ್ ಮಾರ್ಕೆಟ್‌ನಲ್ಲಿ ಒಮ್ಮೆ ನೋಡಿದೆ. ತರಕಾರಿ ಚೀಲ ಅಲ್ಲೇ ಬಿಟ್ಟು ಬಂದುಬಿಟ್ಟೆ.


ಪಂಕ್ಚರ್ ಕಾಕಾ · ಸೋಮವಾರ ಮಧ್ಯಾಹ್ನ 1:20

ಜೇವರ್ಗಿ ರೋಡ್ ತಮ್ಮಾ, ನೀನು ಕೇಳಿದ್ದು ಸರಿ ಇದೆ. ನನ್ನಿಂದ ಹಾಳಾದ ಮನೆಯೂ ಒಂದಿದೆ. ಅವರ ಊರಿಗೆ ನಾನು ಕಾಲಿಡೋದಿಲ್ಲ. ಶರಣಬಸವೇಶ್ವರ ಜಾತ್ರೆಗೆ ಅವರು ಪ್ರತಿ ವರ್ಷ ಬರುತ್ತಾರೆ. ತೇರಿನ ದಿನ ನಾನು ಅಂಗಡಿ ಮುಚ್ಚಿ ಆಳಂದ ಕಡೆ ಹೋಗಿಬಿಡುತ್ತೇನೆ. ಜಾತ್ರೆ ದಿನ ಪಂಕ್ಚರ್ ಅಂಗಡಿಗೆ ಎಷ್ಟು ಗಿರಾಕಿ ಇರುತ್ತದೆ ಗೊತ್ತಲ್ಲ. ಇರಲಿ. ಅವರು ತೇರು ನೋಡೋಕೆ ಬಂದಾಗ ನನ್ನ ಮುಖ ನೋಡಬಾರದು, ಅಷ್ಟೇ.

ನಿನ್ನ ದರ್ಜಿಗೆ ನಾನು ಏನು ಹೇಳಲಿ. ಹೇಳೋಕೆ ನನಗೆ ಬಾಯಿಲ್ಲ.


ಕರಿಕೋಟು · ಸೋಮವಾರ ಮಧ್ಯಾಹ್ನ 2:10

ಜೇವರ್ಗಿ ರೋಡ್ ಅವರೇ, ನೊಂದವರಿಗೆ ಪರಿಹಾರ ಕೊಡೋಕೆ 2011ರಿಂದ ಕರ್ನಾಟಕದಲ್ಲಿ ಯೋಜನೆ ಇದೆ. ಅರ್ಜಿ ಹೋಗೋದು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ. ಕೇಸು ಮುಗಿಯಲೇಬೇಕು ಅಂತಿಲ್ಲ. ಚಿಕಿತ್ಸೆಯ ಕಾಗದ, ಎಫ್‌ಐಆರ್ ಪ್ರತಿ ಇಟ್ಟುಕೊಂಡು ಕೋರ್ಟ್ ಆವರಣದ ಅವರ ಕಚೇರಿಗೆ ಹೋಗಿ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಆರೋಪಿಗೂ ನೊಂದವರಿಗೂ ಅದೇ ಕಚೇರಿ. ಅಲ್ಲಿನ ಬೆಂಚಿನ ಮೇಲೆ ಇಬ್ಬರೂ ಅಕ್ಕಪಕ್ಕ ಕೂತದ್ದನ್ನು ನಾನು ನೋಡಿದ್ದೇನೆ.


ಗಂಜಿನ ಮುನೀಮ · ಸೋಮವಾರ ರಾತ್ರಿ 9:30

ಹೇಳಬೇಕಾ ಮುಚ್ಚಿಡಬೇಕಾ ಅಂತ ಕೇಳಿದ್ದೀರಿ. ಕೆಲಸ ಕೊಡುವವನ ಕಡೆಯಿಂದ ಹೇಳುತ್ತೇನೆ.

ನಾನು ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಆಳುಗಳನ್ನು ನೋಡಿಕೊಳ್ಳುತ್ತೇನೆ. ಮೂರು ವರ್ಷದ ಹಿಂದೆ ಒಬ್ಬ ಹುಡುಗ ಸೇರಿದ. ತೂಕದ ಕಾಟಾದ ಮೇಲೆ ಚೀಲ ಇಡುವ ಕೆಲಸ. ಒಳ್ಳೆ ಹುಡುಗ, ನುಚ್ಚು ಹೊಟ್ಟು ಕೂಡ ಚೆಲ್ಲದ ಹಾಗೆ ಗುಡಿಸುವವನು. ಆದರೆ ತಿಂಗಳಿಗೊಮ್ಮೆ ಅವನಿಗೆ ಹೊಟ್ಟೆನೋವು. ಒಂದು ಸಲ ಅಜ್ಜಿ ಸತ್ತಳು. ಮೂರು ತಿಂಗಳಾದ ಮೇಲೆ ಅದೇ ಅಜ್ಜಿ ಇನ್ನೊಮ್ಮೆ ಸತ್ತಳು. ಮಾಲೀಕರು ಬಿಡಿಸು ಅಂದರು. ನಾನು ನೋಡೋಣ ಅಂದೆ.

ಆಮೇಲೆ ಮಿಲ್ಲಿನ ಒಂದು ಚೆಕ್ ಬೌನ್ಸ್ ಕೇಸಿಗೆ ನಾನು ಕೋರ್ಟಿಗೆ ಹೋದೆ. ಹೊರಗಡೆ ಬೆಂಚಿನ ಮೇಲೆ ಇವನು ಕೂತಿದ್ದಾನೆ, ಕೈಯಲ್ಲಿ ಆಧಾರ್ ಕಾರ್ಡು. ನನ್ನನ್ನು ನೋಡಿ ಎದ್ದು ನಿಂತ. ನಾನೂ ನಿಂತೆ. ಅವನಿಗೂ ನಾಚಿಕೆ, ನನಗೂ ನಾಚಿಕೆ. "ಅಜ್ಜಿ ಹ್ಯಾಂಗದಾಳೋ?" ಅಂತ ಕೇಳಿದೆ. ಹುಡುಗ ಅತ್ತುಬಿಟ್ಟ.

ಅವತ್ತಿನಿಂದ ಅವನ ತಾರೀಖು ನಮ್ಮ ಮಿಲ್ಲಿನ ಕ್ಯಾಲೆಂಡರಿನಲ್ಲಿ ಗುಂಡಗೆ ಗುರುತು ಹಾಕಿರುತ್ತೇನೆ. ಹಮಾಲರ ಲೆಕ್ಕದ ಗುರುತಿನ ಪಕ್ಕದಲ್ಲೇ. ಆ ದಿನ ಬೇರೆಯವನನ್ನು ಕಾಟಾಕ್ಕೆ ಹಾಕುತ್ತೇನೆ. ನನಗೆ ತೊಂದರೆ ಆಗಿದ್ದು ಅವನು ಜೈಲಿಗೆ ಹೋಗಿದ್ದರಿಂದ ಅಲ್ಲ. ಲಾರಿ ಬಂದು ನಿಂತಾಗ ಆಳು ಇಲ್ಲದ್ದರಿಂದ. ತಾರೀಖು ಮೊದಲೇ ಗೊತ್ತಿದ್ದರೆ ಆ ತೊಂದರೆಯೇ ಇಲ್ಲ.


ಶಹಾಪುರದ ಸೊಸೆ · ಸೋಮವಾರ ರಾತ್ರಿ 10:15

ಎಲ್ಲರೂ ಹೇಳಿ ಹೇಳಿ ಅಂತೀರಿ. ಹೇಳಿದವರ ಮನೆಯ ಹೆಣ್ಣುಮಕ್ಕಳನ್ನು ಕೇಳಿ.

ನನ್ನ ಗಂಡ ಇನ್ನೂ ಒಳಗಿದ್ದಾರೆ. ನಾನು ಮಕ್ಕಳಿಗೆ ಅಪ್ಪ ಮುಂಬೈಯಲ್ಲಿ ಕೆಲಸಕ್ಕೆ ಹೋಗಿದ್ದಾರೆ ಅಂತ ಹೇಳಿದ್ದೇನೆ. ನಮ್ಮ ಕಡೆ ಅರ್ಧ ಊರು ಮುಂಬೈ, ಬೆಂಗಳೂರು ಅಂತ ದುಡಿಯೋಕೆ ಹೋಗಿರುತ್ತದೆ, ಹಾಗಾಗಿ ಯಾರೂ ತಿರುಗಿ ಕೇಳೋದಿಲ್ಲ. ಹಿರೇಮಗ ಶಾಲೆಯಲ್ಲೂ ಅದನ್ನೇ ಹೇಳಿದ್ದಾನೆ. ಮುಲಾಖಾತಿಗೆ ಬಸ್ಸಿನಲ್ಲಿ ಹೋಗುತ್ತೇನೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚಿಲ್ಲ, ಇಲ್ಲದಿದ್ದರೆ ಒಂದು ದಿನದ ಕೂಲಿಯೂ ಹೋಗಿ ಬಸ್ಸಿಗೂ ಕೊಡಬೇಕಿತ್ತು. ತವರಿಗೆ ಹೋಗಿಬರುತ್ತೇನೆ ಅಂತ ಹೇಳಿ ಹೊರಡುತ್ತೇನೆ.

ಬೇಲ್ ಆಗಿ ಎರಡು ತಿಂಗಳಾಯಿತು. ಆದರೂ ಬಂದಿಲ್ಲ. ಇಬ್ಬರು ಜಾಮೀನು ಬೇಕಂತೆ, ಇಬ್ಬರ ಪಹಣಿ ಬೇಕಂತೆ. ಹೊಲ ಇರುವವರ ಮನೆಗೆಲ್ಲ ಹೋಗಿ ಬಂದೆ. ಭಾವನವರೇ ಒಲ್ಲೆ ಅಂದರು. "ಅವ ಓಡಿಹೋದ್ರ ನನ್ನ ಹೊಲ ಹೋಗ್ತದವ್ವ" ಅಂದರು. ತಪ್ಪು ಅಂತ ಹೇಳೋಕಾಗಲ್ಲ. ಅವರಿಗೆ ಇರೋದೂ ಎರಡೂವರೆ ಎಕರೆ.


ಕರಿಕೋಟು · ಸೋಮವಾರ ರಾತ್ರಿ 11:45

ಶಹಾಪುರದ ಅಕ್ಕಾ, ಇದನ್ನು ಗಮನವಿಟ್ಟು ಓದಿ. ನಾಳೆಯೇ ಮಾಡುವ ಕೆಲಸ ಇದೆ.

2023ರ ಜನವರಿ ಕೊನೆಯಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಮಾಡಿದೆ. ಬೇಲ್ ಆಗಿ ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲು ಅಧೀಕ್ಷಕರು ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಜಾಮೀನು ಕೊಡೋಕಾಗದಿದ್ದರೆ ಷರತ್ತು ಸಡಿಲಿಸಬಹುದಾ ಅಂತ ಕೋರ್ಟು ತಾನಾಗಿಯೇ ನೋಡಬಹುದು. ಅದೇ ಊರಿನ ಜಾಮೀನೇ ಬೇಕು ಅನ್ನೋದು ಬಿಡುಗಡೆ ತಡವಾಗೋಕೆ ಕಾರಣ, ಹಾಗೆ ಹಟ ಹಿಡಿಯಬೇಡಿ ಅಂತಲೂ ಅದರಲ್ಲಿದೆ. ಇದು ಹೊಸ ಮಾತೇನಲ್ಲ. 1978ರಲ್ಲೇ ಮೋತಿ ರಾಮ್ ಅನ್ನುವ ಗಾರೆ ಕೆಲಸದವರ ಕೇಸು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹತ್ತು ಸಾವಿರದ ಜಾಮೀನು ಕೇಳಿದ್ದರು, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಲಿಲ್ಲ. ಬಡವನಿಗೆ ಹೀಗೆ ಮಾಡಬಾರದು ಅಂತ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆಗಲೇ ಬರೆದಿದ್ದಾರೆ. ನಾವು ಇನ್ನೂ ಪಹಣಿ ಹುಡುಕುತ್ತಾ ಇದ್ದೇವೆ.

ಇನ್ನೊಂದು, ಬಡ ಬಂಧಿಗಳಿಗೆ ನೆರವು ಅಂತ ಕೇಂದ್ರದ ಯೋಜನೆ 2023ರಲ್ಲಿ ಬಂದಿದೆ. ಶುರುವಾದಾಗ ಹಣ ಇಲ್ಲದೆ ಬೇಲ್ ನಿಂತಿದ್ದರೆ 40,000 ರೂಪಾಯಿ ತನಕ, ಶಿಕ್ಷೆ ಮುಗಿದೂ ದಂಡ ಕಟ್ಟೋಕಾಗದೆ ಉಳಿದವರಿಗೆ 25,000 ತನಕ ಇತ್ತು, ಈಗ ಎಷ್ಟು ಅಂತ ಕಚೇರಿಯಲ್ಲಿ ಕೇಳಿ. ಜಿಲ್ಲಾ ಮಟ್ಟದ ಸಮಿತಿ ಒಪ್ಪಬೇಕು. ಎಲ್ಲ ತರದ ಕೇಸಿಗೂ ಇದು ಸಿಗೋದಿಲ್ಲ, ನಿಮ್ಮದು ಯಾವುದು ಅಂತ ಕಚೇರಿಯಲ್ಲಿ ಹೇಳಿ. ಅವರು ಬಂಧನದಲ್ಲಿ ಇರೋವರೆಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರು ಸಿಗುತ್ತಾರೆ. ಯಾದಗಿರಿ ಕೋರ್ಟಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಬೇಲ್ ಆರ್ಡರಿನ ಪ್ರತಿ ತೆಗೆದುಕೊಂಡು ಹೋಗಿ.

ಕೋರ್ಟಿನ ಮುಂದೆ ಬಾಡಿಗೆಗೆ ಜಾಮೀನು ಕೊಡಿಸುತ್ತೇವೆ ಅಂತ ಬರುವವರಿಗೆ ದುಡ್ಡು ಕೊಡಬೇಡಿ. ಪಹಣಿ ಯಾರದೋ, ಸಹಿ ಯಾರದೋ. ಸಿಕ್ಕಿಬಿದ್ದರೆ ನಿಮ್ಮ ಮನೆ ಮೇಲೆ ಇನ್ನೊಂದು ಕೇಸು.


ಹಳೆ ಮಾಸ್ತರ · ಮಂಗಳವಾರ ಬೆಳಿಗ್ಗೆ 7:00

ನಾನು ಕೆಲವು ವರ್ಷ ಜೈಲಿನಲ್ಲಿ ಅಕ್ಷರ ಕಲಿಸಿದವನು. ಹೆಬ್ಬೆಟ್ಟಿನವರಿಗೆ ಸಹಿ ಕಲಿಸೋದು ಮುಖ್ಯ ಕೆಲಸ. ಸಹಿ ಬಂದ ದಿನ ಮನೆಗೆ ಕಾಗದ ಬರೆಸಿಕೊಂಡು, ಕೆಳಗೆ ತಾವೇ ಹೆಸರು ಹಾಕಿ, ನಾಲ್ಕು ಸಲ ಮಡಚಿ ಬಿಚ್ಚಿ ನೋಡುತ್ತಿದ್ದರು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ವಿಷಯ ಇದೆ. ಶಿಕ್ಷೆ ಆದವರಿಗೆ ಒಳಗೆ ಕೆಲಸ ಇರುತ್ತದೆ, ಕೂಲಿ ಇರುತ್ತದೆ. 2022ರ ಕೊನೆಗೆ ಕರ್ನಾಟಕದಲ್ಲಿ ಆ ಕೂಲಿ ಹೆಚ್ಚಿಸಿದರು, ಕೆಲಸ ಬಾರದವನಿಗೂ ದಿನಕ್ಕೆ 524 ರೂಪಾಯಿ ಆಯಿತು. ಪಂಕ್ಚರ್ ಕಾಕಾ ಅವರ ಕಾಲದಲ್ಲಿ ಇಷ್ಟು ಇರಲಿಲ್ಲ ಬಿಡಿ. ಆದರೆ ವಿಚಾರಣೆಯಲ್ಲಿ ಇರುವವರಿಗೆ ಅದಿಲ್ಲ. ಮುಂದಿನ ತಾರೀಖು ಯಾವಾಗ ಅಂತ ಕಾಯೋದೇ ಅವರ ಕೆಲಸ. 2022ರ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ) ಲೆಕ್ಕ ನೋಡಿ, ದೇಶದ ಜೈಲುಗಳಲ್ಲಿ ನೂರಕ್ಕೆ 75ಕ್ಕೂ ಜಾಸ್ತಿ ಜನ ವಿಚಾರಣಾಧೀನರೇ. ಒಂಬತ್ತು ವರ್ಷ ಇದ್ದವನು ಕೈಯಲ್ಲಿ ಒಂದು ಕೆಲಸ ಹಿಡಿದು ಬರಬಹುದು. 14 ತಿಂಗಳು ಇದ್ದ ಹುಡುಗ ಬರಿಗೈಯಲ್ಲಿ, ಮೈ ಜಡ್ಡುಗಟ್ಟಿ ಬರುತ್ತಾನೆ. ತಮ್ಮ ಮಲಗಿಯೇ ಇರುತ್ತಾನೆ ಅಂದಿರಲ್ಲ ತಾಯಿ, ಸೋಮಾರಿತನ ಅಂದುಕೊಳ್ಳಬೇಡಿ.

ರಾತ್ರಿ ನಿದ್ದೆ ಇಲ್ಲ, ಸತ್ತರೆ ಸಾಕು ಅನ್ನೋ ಮಾತು ಬಾಯಲ್ಲಿ ಬಂತು ಅಂದರೆ ಮಾತ್ರ ತಡಮಾಡದೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಖರ್ಚಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಶಹಾಪುರದ ತಂಗಿಗೆ ಒಂದು ಮಾತು. ಬಿಡುಗಡೆ ಸಾಮಾನ್ಯವಾಗಿ ಸಂಜೆ ಆಗುತ್ತದೆ. ಕೋರ್ಟಿನ ಕಾಗದ ಬಂದು, ದಾಖಲೆ ತಾಳೆ ನೋಡಿ, ಗೇಟು ತೆರೆಯುವ ಹೊತ್ತಿಗೆ ಕತ್ತಲಾಗಿರುತ್ತದೆ. ಹಳ್ಳಿ ಕಡೆಯ ಕೊನೆ ಬಸ್ಸು ಹೋಗಿರುತ್ತದೆ. ಆಗ ಗೇಟಿಗೆ ಕಾರು ತಂದು ನಿಲ್ಲಿಸುವವರು ಯಾರು ಗೊತ್ತಾ? ಹಳೇ ದೋಸ್ತರು. ಮನೆಯವರು ಬರೋದು ಮರುದಿನ. ಆ ಒಂದು ರಾತ್ರಿ ಎಲ್ಲಿ ಕಳೆಯುತ್ತದೆ ಅನ್ನೋದನ್ನು ಮೊದಲೇ ಯೋಚಿಸಿ ಇಟ್ಟುಕೊಳ್ಳಿ.


ಬಿದ್ರಿ ಕಪ್ಪು · ಮಂಗಳವಾರ ಬೆಳಿಗ್ಗೆ 11:20

ಬೀದರಿನಿಂದ. ನಮ್ಮ ಉಸ್ತಾದರದು ಬಿದ್ರಿ ಕಾರ್ಖಾನೆ, ಕಪ್ಪು ಪಾತ್ರೆಗೆ ಬೆಳ್ಳಿ ಕೂರಿಸುವ ಕೆಲಸ. ಅಲ್ಲಿ ಒಬ್ಬ ಹುಡುಗ ಇದ್ದಾನೆ. 16ರ ವಯಸ್ಸಿನಲ್ಲಿ ಕಳ್ಳತನದ ಕೇಸು, ಬಾಲಕರ ವೀಕ್ಷಣಾಲಯದಲ್ಲಿ ಇದ್ದು ಬಂದವನು. ಉಸ್ತಾದರು ಮೊದಲ ವಾರವೇ ಅವನ ಕೈಗೆ ಬೆಳ್ಳಿ ತಂತಿ ಕೊಟ್ಟರು. ನಾವೆಲ್ಲ ಮುಖಮುಖ ನೋಡಿಕೊಂಡೆವು. ಸಂಜೆ ತೂಕ ಹಾಕಿದರೆ ಸರಿಯಾಗಿತ್ತು. ಮರುದಿನ ಉಸ್ತಾದರು ತೂಕ ಹಾಕಲಿಲ್ಲ. ಈಗ ಕೋಟೆಯ ಮಣ್ಣು, ನವಸಾಗರ ಕಲಸಿ ಪಾತ್ರೆಗೆ ಕಪ್ಪು ಏರಿಸುವ ಕೆಲಸ ಅವನದೇ. ಮಣ್ಣನ್ನು ನಾಲಿಗೆಗೆ ಇಟ್ಟು ನೋಡಿಯೇ ಇದು ಆಗುತ್ತೆ, ಇದು ಆಗಲ್ಲ ಅಂತಾನೆ.

ಒಂದು ಕೇಳಬೇಕಿತ್ತು. ಅವನಿಗೆ ಆ ಹಳೇ ಕೇಸು ಮುಂದೆ ಅಡ್ಡ ಬರುತ್ತಾ?


ಕರಿಕೋಟು · ಮಂಗಳವಾರ ಸಂಜೆ 6:30

ಬರಬಾರದು. ಬಾಲನ್ಯಾಯ ಕಾಯ್ದೆ 2015ರ 24ನೇ ಕಲಂ ಅದಕ್ಕೇ ಇದೆ. ಮಕ್ಕಳಾಗಿದ್ದಾಗಿನ ಕೇಸಿನಿಂದ ಮುಂದೆ ಅನರ್ಹತೆ ಬರೋದಿಲ್ಲ, ದಾಖಲೆಯನ್ನೂ ಅವಧಿ ಮುಗಿದ ಮೇಲೆ ನಾಶ ಮಾಡಬೇಕು. 16 ದಾಟಿದವರ ಘೋರ ಅಪರಾಧದಲ್ಲಿ ಮಾತ್ರ ಬೇರೆ ನಿಯಮ, ಕಳ್ಳತನಕ್ಕೆ ಆ ಚಿಂತೆ ಇಲ್ಲ.

ದೊಡ್ಡವರ ವಿಷಯ ಬೇರೆ. ಹೇಳಬೇಕಾ ಬೇಡವಾ ಅನ್ನೋ ಪ್ರಶ್ನೆಗೆ ನನ್ನ ಉತ್ತರ ಹೀಗೆ. ಸರ್ಕಾರಿ ನೌಕರಿಯ ಫಾರಂನಲ್ಲಿ "ನಿಮ್ಮ ಮೇಲೆ ಕೇಸು ಇದೆಯೇ" ಅಂತ ಕೇಳಿದ್ದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ. 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ನಿಜ ಹೇಳಿದವನ ಅರ್ಜಿಯನ್ನು ನೇಮಕ ಮಾಡುವವರು ಯೋಚಿಸಿ ನೋಡಬಹುದು, ಸಣ್ಣಪುಟ್ಟ ಕೇಸಾದರೆ ಬದಿಗೆ ಇಡಬಹುದು. ಮುಚ್ಚಿಟ್ಟದ್ದು ಸಿಕ್ಕರೆ ಅದೇ ಕೆಲಸ ತೆಗೆಯೋಕೆ ಕಾರಣ ಆಗಬಹುದು. ಖುಲಾಸೆ ಆದ ಕೇಸನ್ನೂ ಕೇಳಿದ್ದರೆ ಬರೆಯಲೇಬೇಕು. ಖಾಸಗಿಯಲ್ಲಿ ಯಾರೂ ಕೇಳದಿದ್ದರೆ ಮೈಕು ಹಿಡಿದು ಹೇಳೋದು ಬೇಡ. ಆದರೆ ಸುಳ್ಳು ಮಾತ್ರ ಬೇಡ.


ಮಿರ್ಚಿ ಭಜಿ · ಮಂಗಳವಾರ ಸಂಜೆ 6:42

ಅಜ್ಜಿಯನ್ನು ಎರಡು ಸಲ ಸಾಯಿಸಬೇಡಿ ಅಂತ ವಕೀಲರು ಹೇಳ್ತಿರೋದು.


ಪಂಕ್ಚರ್ ಕಾಕಾ · ಮಂಗಳವಾರ ರಾತ್ರಿ 8:50

ನಾನು ಹೇಳಿದ್ದು ಒಬ್ಬರಿಗೆ ಮಾತ್ರ. ಅಂಗಡಿಯ ಜಾಗ ಯಾರದೋ ಅವರಿಗೆ. ಬಾಡಿಗೆ ಮಾತಾಡೋಕೆ ಹೋದಾಗಲೇ ಹೇಳಿದೆ, ಹೀಗೆ ಹೀಗೆ ಆಗಿದೆ, ಒಂಬತ್ತು ವರ್ಷ ಇದ್ದು ಬಂದಿದ್ದೇನೆ ಅಂತ. ಅವರು ಒಂದು ನಿಮಿಷ ಮಾತಾಡಲಿಲ್ಲ. ಆಮೇಲೆ ಅಡ್ವಾನ್ಸ್ ಎರಡು ಸಾವಿರ ಜಾಸ್ತಿ ಕೇಳಿದರು. ಕೊಟ್ಟೆ. ಇದನ್ನೂ ಹೇಳಬೇಕಲ್ವಾ, ಹೇಳಿದರೆ ಎಲ್ಲ ಪುಕ್ಕಟೆ ಸಿಗುತ್ತದೆ ಅಂತಲ್ಲ.

ನಾಲ್ಕು ತಿಂಗಳಾದ ಮೇಲೆ ಯಾರೋ ಅವರ ಹತ್ತಿರ ಹೋಗಿ, "ಯಾರಿಗೆ ಜಾಗ ಕೊಟ್ಟೀರಿ ಗೊತ್ತದೇನ್ರಿ?" ಅಂತ ಚಾಡಿ ಹೇಳಿದರಂತೆ. ಇವರು "ನನಗ ಗೊತ್ತದ" ಅಂದರಂತೆ. ಅಷ್ಟೇ ಮಾತು. ಚಾಡಿ ಹೇಳಿದವನು ಇನ್ನೇನು ಹೇಳಬೇಕು? ಅವತ್ತಿನಿಂದ ನನಗೆ ರಾತ್ರಿ ನಿದ್ದೆ ಬಂತು. ನಿನ್ನ ತಮ್ಮನಿಗೆ ಊರೆಲ್ಲ ಬೇಡ ತಂಗಿ. "ನನಗ ಗೊತ್ತದ" ಅನ್ನುವ ಒಬ್ಬ ಮನುಷ್ಯ ಬೇಕು.

ಇನ್ನು ಹಬ್ಬ, ಎಲೆಕ್ಷನ್ ಬಂದಾಗ ಠಾಣೆಯಿಂದ ಕರೆ ಬರುತ್ತದೆ. ಅದು ಈಗಲೂ ನಿಂತಿಲ್ಲ. ಹೋಗಿ ಸಹಿ ಹಾಕಿ ಬರುತ್ತೇನೆ. ಹುಡುಗರ ಮುಂದೆ ಕರೆಯಬೇಡಿ ಸಾಹೇಬ್ರೆ ಅಂತ ಒಬ್ಬ ದಫೇದಾರರಿಗೆ ಕೇಳಿಕೊಂಡೆ. ಈಗ ಅವರು ಪಂಕ್ಚರ್ ಹಾಕಿಸೋ ನೆಪದಲ್ಲಿ ಬಂದು ಹೇಳಿ ಹೋಗುತ್ತಾರೆ. ಗಾಳಿ ತುಂಬಿಸಿಕೊಂಡು ಹೋಗುತ್ತಾರೆ, ದುಡ್ಡು ಕೊಡಲ್ಲ, ಅದು ಬೇರೆ ಮಾತು.


ಶಹಾಪುರದ ಸೊಸೆ · ಮಂಗಳವಾರ ರಾತ್ರಿ 9:30

ಕಾಕಾ, ನೀವು ಗಂಡಸರು. ನಿಮಗೆ ಒಬ್ಬ ಮನುಷ್ಯ ಸಾಕು. ನನ್ನ ಮಗಳಿಗೆ ಹನ್ನೊಂದು ವರ್ಷ. ಇನ್ನು ಎಂಟು ಹತ್ತು ವರ್ಷಕ್ಕೆ ಬೀಗರು ಬರುತ್ತಾರೆ. ಅವರಿಗೆ "ನನಗ ಗೊತ್ತದ" ಅಂದರೆ ನಡೆಯುತ್ತಾ? ನಾನು ಮುಂಬೈ ಅಂತಲೇ ಹೇಳುತ್ತೇನೆ.

ವಕೀಲರಿಗೆ ಧನ್ಯವಾದ. ಗುರುವಾರ ಯಾದಗಿರಿಗೆ ಹೋಗುತ್ತೇನೆ.


ಪಂಕ್ಚರ್ ಕಾಕಾ · ಮಂಗಳವಾರ ರಾತ್ರಿ 9:41

ಅದು ನಿನ್ನ ಮನೆ ವಿಷಯ ತಾಯಿ. ನನಗೆ ಮಕ್ಕಳಿಲ್ಲ. ನಾನು ಹೇಳಿದ್ದು ತಪ್ಪಾಗಿದ್ದರೆ ಬಿಟ್ಟುಬಿಡು.


ತೊಗರಿ ಹೊಲ · ಎಂಟು ದಿನದ ನಂತರ

ಎಲ್ಲರಿಗೂ ನಮಸ್ಕಾರ. ಬೇಲ್ ಆರ್ಡರ್ ತಂದು ಓದಿಸಿದೆವು. ಅನುಮತಿ ಇಲ್ಲದೆ ವ್ಯಾಪ್ತಿ ದಾಟುವಂತಿಲ್ಲ, ಭಾನುವಾರ ಠಾಣೆಯಲ್ಲಿ ಸಹಿ. ಅಪ್ಪ ಪುಣೆ ಮಾತು ನಿಲ್ಲಿಸಿದ್ದಾರೆ. ಸಿಟ್ಟಿನಲ್ಲೇ ಇದ್ದಾರೆ.

ಆಧಾರ್ ಕೇಂದ್ರಕ್ಕೆ ನಾನೂ ಅವನೂ ಹೋದೆವು. ಹೊಸ ನಂಬರ್ ಸೇರಿಸಬೇಕಾದರೆ ಬೆರಳು ಇಡಬೇಕಲ್ಲ. ಆ ಮಷಿನ್ ನೋಡಿ ಅವನು ಎರಡು ಹೆಜ್ಜೆ ಹಿಂದೆ ಸರಿದ. ಒಳಗೆ ಹಾಕುವಾಗಲೂ ಹೀಗೇ ಬೆರಳು ತೆಗೆದುಕೊಂಡಿದ್ದರಂತೆ. ಕೌಂಟರಿನ ಹುಡುಗಿಗೆ ಏನು ಗೊತ್ತು, "ಲಗೂನ ಇಡ್ರಿ, ಹಿಂದ ಪಾಳಿ ಅದ" ಅಂದಳು. ನಾನು ಅವನ ಕೈ ಹಿಡಿದು ಇಟ್ಟೆ. ಆ ಸೇಡಂ ಕಡೆಯ ಅಕ್ಕನಿಗೂ ಫೋನ್ ಮಾಡಿ ತೊಂದರೆ ಆಯಿತು ಅಂತ ಹೇಳಿದೆ. ಅವಳು, "ಯಾರ ಓಟಿಪಿ ಅಂತ ದಿನಾ ಯೋಚನೆ ಮಾಡ್ತಿದ್ದೆ, ಒಂದೂ ಯಾರಿಗೂ ಹೇಳಿಲ್ಲ" ಅಂದಳು. ಎಂಥ ಜನ ಇರುತ್ತಾರೆ ನೋಡಿ.

ಕಾಕಾ ಅಂಗಡಿಗೆ ಮೂರು ಸಲ ಹೋಗಿ ಬಂದಿದ್ದಾನೆ. ಅಲ್ಲಿ ಏನು ಮಾತಾಡುತ್ತಾರೋ ನಮಗೆ ಹೇಳೋದಿಲ್ಲ. ಮೂರನೇ ಸಲ ಬಂದಾಗ ಅಂಗಿಗೆಲ್ಲ ಗ್ರೀಸು. ಅವ್ವ ಬೈಯೋಕೆ ಬಾಯಿ ತೆರೆದವಳು ಸುಮ್ನಾದಳು.


ಗಂಜಿನ ಮುನೀಮ · ಅದೇ ದಿನ ರಾತ್ರಿ

ಹೊಸ ತೊಗರಿ ಬಂದಿದೆ, ಮಿಲ್ಲಿಗೆ ಆಳು ಬೇಕು. ಚೀಲ ಹೊಲಿಯೋದು, ಲೋಡಿಂಗ್ ಲೆಕ್ಕ. ಲೈಸೆನ್ಸ್ ಆದರೆ ಮಿಲ್ಲಿನ ಗಾಡಿಯೂ ಇದೆ. ಮಾಲೀಕರಿಗೆ ನಾನು ಹೇಳಿದ್ದೇನೆ, ಹೆಸರು ಹೇಳಿಲ್ಲ. "ಇನ್ನೊಂದು ಗುಂಡು ಹಾಕೋ ಕ್ಯಾಲೆಂಡರಿಗೆ" ಅಂದರು. ಸಂದೇಶ ಕಳಿಸಿದ್ದೇನೆ ನೋಡಿ. ಕೂಲಿ ಎಲ್ಲರಿಗೂ ಇರುವಷ್ಟೇ. ಕೇಸಿನವನು ಅಂತ ಕಡಿಮೆ ಕೊಟ್ಟು ದುಡಿಸಿಕೊಳ್ಳುವವರೂ ಗಂಜಿನಲ್ಲಿ ಇದ್ದಾರೆ, ಅಂಥ ಕಡೆ ಹೋಗಬೇಡಿ.


ಜೇವರ್ಗಿ ರೋಡ್ · ಅದೇ ದಿನ ರಾತ್ರಿ

ಪರಿಹಾರದ ಅರ್ಜಿ ಕೊಟ್ಟು ಬಂದೆವು. ಕಚೇರಿಯವರು ಚಿಕಿತ್ಸೆಯ ಇನ್ನೊಂದು ಕಾಗದ ಕೇಳಿದ್ದಾರೆ. ನನ್ನ ಅಭಿಪ್ರಾಯ ಬದಲಾಗಿಲ್ಲ. ಮುನೀಮರೇ, ನಿಮ್ಮ ಮಿಲ್ಲಿನಲ್ಲಿ ಚೀಲ ಹೊಲಿಯೋದು ಮಷಿನ್ ಅಲ್ವಾ? ಎರಡು ಬೆರಳು ಬಗ್ಗದವನಿಗೂ ಅದು ಬರುತ್ತಾ?


ಗಂಜಿನ ಮುನೀಮ · ಅದೇ ದಿನ ರಾತ್ರಿ

ಕೈ ಮಷಿನ್, ಮೇಲಿಂದ ತೂಗುಬಿಟ್ಟಿರುತ್ತದೆ. ಒಂದು ಗುಂಡಿ ಒತ್ತಿ ಹಿಡಿದರೆ ಆಯಿತು. ಎಡಗೈಯಲ್ಲೂ ಆಗಬಹುದು. ಬಂದು ನೋಡಲಿ. ಯಾರ ಹುಡುಗ ಯಾವ ಪಾಳಿಗೆ ಅಂತ ನಾನು ನೋಡಿಕೊಳ್ಳುತ್ತೇನೆ.


ತೊಗರಿ ಹೊಲ · ಒಂದು ತಿಂಗಳ ನಂತರ

ಮಿಲ್ಲಿಗೆ ಸೇರಿ ಹದಿನೆಂಟು ದಿನ. ಲೈಸೆನ್ಸ್ ಅರ್ಜಿ ವರ್ಷ ತುಂಬೋಕೆ ಒಂಬತ್ತು ದಿನ ಇರುವಾಗ ಹಾಕಿದೆವು. ಮೊದಲ ತಾರೀಖಿಗೆ ಹೋದ, ಸಾಕ್ಷಿ ಬರಲಿಲ್ಲ ಅಂತ ಮುಂದಕ್ಕೆ ಹಾಕಿದರು. ಫೈನಾನ್ಸಿನವರು ಗಾಡಿ ಮಾರಿದ ಮೇಲೂ ಇನ್ನೂ ಬಾಕಿ ಇದೆ ಅಂತ ನೋಟಿಸ್ ಕಳಿಸಿದ್ದಾರೆ. ಅದಕ್ಕೆ ಬೇರೆ ಚರ್ಚೆ ಶುರು ಮಾಡುತ್ತೇನೆ, ಇದರಲ್ಲಿ ಬೇಡ.

ನಿನ್ನೆ ಲಾರಿ ತಡವಾಗಿ ಬಂದು, ಅವನು ಮನೆಗೆ ಬಂದಾಗ ಒಂಬತ್ತೂಕಾಲು. ಅವ್ವ ಹಳೇ ರೂಢಿಯಂತೆ ಐದಕ್ಕೇ ರೊಟ್ಟಿ ಮಾಡಿ ಇಟ್ಟಿದ್ದಳು. "ಇಷ್ಟು ಲಗೂನ ಯಾಕ ಮಾಡ್ತಿ, ಆರಿ ಕಲ್ಲಾಗ್ಯಾವ" ಅಂತ ಬೈದ.


ಶಹಾಪುರದ ಸೊಸೆ · ಅದೇ ದಿನ

ನಮ್ಮವರ ಷರತ್ತು ಸಡಿಲ ಮಾಡಿ ಒಬ್ಬರ ಜಾಮೀನು ಸಾಕು ಅಂತ ಆಯಿತು. ತವರಿನ ಮಾಮಾ ಸಹಿ ಹಾಕಲು ಒಪ್ಪಿದ್ದಾರೆ. ಈ ವಾರ ಬಿಡುಗಡೆ ಆಗಬಹುದು. ಮಾಸ್ತರರು ಹೇಳಿದ ಹಾಗೆ ಗೇಟಿಗೆ ನಾನೇ ಹೋಗುತ್ತೇನೆ, ರಾತ್ರಿ ಕಲಬುರಗಿಯಲ್ಲಿ ತಂಗಿ ಮನೆಯಲ್ಲಿ ಉಳಿಯುತ್ತೇವೆ.

ಒಂದೇ ಚಿಂತೆ. ಮಕ್ಕಳು ಮುಂಬೈಯಿಂದ ಅಪ್ಪ ಏನು ತರುತ್ತಾರೆ ಅಂತ ಕಾಯುತ್ತಿದ್ದಾರೆ. ಮುಂಬೈಯಿಂದ ಏನು ತರುತ್ತಾರೆ?


ಮಿರ್ಚಿ ಭಜಿ · ಅದೇ ದಿನ

ಅಕ್ಕಾ, ಸೂಪರ್ ಮಾರ್ಕೆಟ್‌ನಲ್ಲಿ ಬಾಂಬೆ ಹಲ್ವಾ ಸಿಗುತ್ತದೆ. ಡಬ್ಬಿ ಮೇಲೆ ಕಲಬುರಗಿ ಅಂಗಡಿ ಹೆಸರಿನ ಚೀಟಿ ಇರುತ್ತದೆ. ಬಸ್ಸಿನಲ್ಲೇ ಕಿತ್ತುಬಿಡಿ.